ಕಡ್ಡಿ ಗೀರಿ ಹೊರಟುಹೋಗುವ ಮುನ್ನ

ಕಾಡಂಚಿನ ನೆರೆಹೊರೆಯವರಿಗೆ: ತೋಟದವರಿಗೆ, ಗದ್ದೆಯವರಿಗೆ, ದನ ಕುರಿ ಕಾಯುವವರಿಗೆ, ಹೋಮ್‌ಸ್ಟೇ ನಡೆಸುವವರಿಗೆ,



ಸಂಕ್ರಾಂತಿ ಮುಗಿಯಿತು. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾಕ್ಕೆ ಆಳು ಹುಡುಕುತ್ತಿದ್ದೇವೆ. ಗದ್ದೆಯಲ್ಲಿ ಕೂಳೆ ಒಣಗಿದೆ, ಹಾಡ್ಯದ ಹುಲ್ಲು ಹಳದಿಗೆ ತಿರುಗಿದೆ. ಬೆಳಗಿನ ಇಬ್ಬನಿ ಇರುವಷ್ಟು ದಿನ ಚಿಂತೆಯಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತಾ ಹೊರಟಿತೋ, ಗುಡ್ಡದ ಮೇಲೆ ರಾತ್ರಿ ಹೊತ್ತು ಬೆಂಕಿಯ ಸಾಲು ಕಾಣಿಸತೊಡಗುತ್ತದೆ. ಅಂಗಳದಲ್ಲಿ ನಿಂತು ನೋಡುತ್ತೇವೆ. ‘ಯಾರೋ ಹಚ್ಚಿದ್ದಾರೆ’ ಎನ್ನುತ್ತೇವೆ. ಗಾಳಿ ನಮ್ಮ ತೋಟದ ಕಡೆಗಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಹೋಗಿ ಮಲಗುತ್ತೇವೆ. ಆ ‘ಯಾರೋ’ ಯಾರು ಎಂಬುದು ಬಹಳ ಸಲ ಊರಿಗೆಲ್ಲ ಗೊತ್ತಿರುತ್ತದೆ. ಹೆಸರು ಹೇಳುವುದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಸುಗ್ಗಿ ಮುಗಿದು ಬೆಂಕಿಯ ಕಾಲ ಶುರುವಾಗುವ ಮುಂಚಿನ ಈ ಸಣ್ಣ ಬಿಡುವಿನಲ್ಲಿ ಕೂತು ಮಾತಾಡೋಣ ಎನ್ನುವುದಷ್ಟೇ ಉದ್ದೇಶ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಕಾಡ್ಗಿಚ್ಚು ತಾನಾಗಿಯೇ ಹುಟ್ಟುತ್ತದೆ, ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹಾರುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನೇ ನಮ್ಮಲ್ಲಿ ಅನೇಕರು ಇನ್ನೂ ಹೇಳುತ್ತಾರೆ. ಹೀಗೆ ಹೇಳಿದರೆ ಯಾರ ಮೇಲೂ ಗೂಬೆ ಕೂರಿಸಬೇಕಾಗಿಲ್ಲ, ಅದೇ ಅದರ ಅನುಕೂಲ. ಸಿಡಿಲಿನಿಂದ ಕಾಡು ಹೊತ್ತಿಕೊಳ್ಳುವ ದೇಶಗಳಿವೆ. ಕೆನಡಾದ ಉತ್ತರದ ಕಾಡುಗಳಲ್ಲಿ ಅದು ಮಾಮೂಲು. ನಮ್ಮಲ್ಲಿ ಸಿಡಿಲು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಳೆಯ ಜೊತೆಗೇ. ನಮ್ಮ ಕಾಡು ಸುಡುವುದಾದರೋ ಫೆಬ್ರವರಿ, ಮಾರ್ಚ್‌ನಲ್ಲಿ, ಮೋಡದ ಚೂರೂ ಇಲ್ಲದ ಮಧ್ಯಾಹ್ನಗಳಲ್ಲಿ. ಬೆಂಕಿ ಎಲ್ಲಿಂದ ಶುರುವಾಯಿತು ಎಂದು ಸುಟ್ಟ ಜಾಗದಲ್ಲಿ ಹಿಂದಕ್ಕೆ ನಡೆದು ನೋಡಿದರೆ ಸಿಗುವುದು ರಸ್ತೆಬದಿ, ಕಾಲುದಾರಿ, ತೋಟದ ಬೇಲಿ, ದನ ಓಡಾಡುವ ಜಾಡು. ಅಪರೂಪಕ್ಕೊಮ್ಮೆ ಕರೆಂಟ್ ಲೈನ್. ಮನುಷ್ಯ ನಡೆದಲ್ಲೇ ಬೆಂಕಿ ಹುಟ್ಟಿದೆ.

2019ರ ಫೆಬ್ರವರಿ ನಿಮಗೆ ನೆನಪಿರಬಹುದು. ಬಂಡೀಪುರದಲ್ಲಿ ಹೂಬಿಟ್ಟು ಸತ್ತ ಬಿದಿರಿನ ಒಣಮೆಳೆಗಳು, ನಡುವೆ ಆಳೆತ್ತರದ ಲಂಟಾನ, ಹಿಂದಿನ ಮಳೆಗಾಲದಲ್ಲಿ ಹುಲುಸಾಗಿ ಬೆಳೆದು ಒಣಗಿ ನಿಂತ ಹುಲ್ಲು. ಬೆಂಕಿ ಬಿದ್ದ ಮೇಲೆ ಗೋಪಾಲಸ್ವಾಮಿ ಬೆಟ್ಟದ ಕಡೆ ಗಾಳಿ ಎದ್ದಿತು. ಬೆಂಕಿ ರೇಖೆಗಳನ್ನು ಹಾರಿ, ರಸ್ತೆಗಳನ್ನು ದಾಟಿ ಹೋಯಿತು. ಕೊನೆಗೆ ತಮಿಳುನಾಡಿನ ಸೂಲೂರಿನಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು, ತೂಗುವ ಚೀಲಗಳಲ್ಲಿ ಕೆರೆ ನೀರು ಮೊಗೆದು ಸುರಿದವು. ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತ್ತು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ನೋಡಲು ಬಂದವರ ಸುಮಾರು 300 ಕಾರುಗಳು ನಿಲ್ಲಿಸಿದ ಮೈದಾನದಲ್ಲೇ ಸುಟ್ಟು ಕರಕಲಾದವು. ಅಲ್ಲೂ ಒಣಹುಲ್ಲೇ. ಟಿವಿಯವರಿಗೆ ಕಾರುಗಳ ಲೆಕ್ಕ ಸಿಕ್ಕಿತು, ಬಂಡೀಪುರದಲ್ಲಿ ಎಷ್ಟು ಮೊಟ್ಟೆ, ಎಷ್ಟು ಮರಿ ಬೆಂದವೆಂಬುದನ್ನು ಎಣಿಸಿದವರಿಲ್ಲ. ಕಾಡುಕೋಳಿ ನೆಲದ ಮೇಲೆ ಮೊಟ್ಟೆಯಿಡುವ ಕಾಲವೂ ಇದೇ, ಫೆಬ್ರವರಿಯಿಂದ ಮೇ.

ಹುಲ್ಲು, ಮರ, ಪ್ರಾಣಿಯ ಮಾತು ಹಾಗಿರಲಿ. ನನಗೆ ನಿಮ್ಮೊಡನೆ ಮುಖ್ಯವಾಗಿ ಆಡಬೇಕಿರುವುದು ಬೆಂಕಿ ಆರಿಸಲು ಹೋಗುವವರ ಮಾತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕ ಬೆಂಕಿಗೆ ಸಿಕ್ಕಿ ಸತ್ತ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಇನ್ನೊಬ್ಬ ಸುಟ್ಟ ಗಾಯಗಳಿಂದ ತೀರಿಕೊಂಡ. ಗುಡ್ಡದ ಬೆಂಕಿ ಹೇಗೆ ಕೊಲ್ಲುತ್ತದೆ ಎಂಬುದನ್ನು ನಮ್ಮ ಕಡೆಯ ಹಿರಿಯರು ಬಲ್ಲರು. ಸಮತಟ್ಟು ನೆಲದಲ್ಲಿ ಬೆಂಕಿಯ ಹಿಂದೆ ನಡೆದು ಸೊಪ್ಪಿನಿಂದ ಬಡಿಯಬಹುದು. ಏರಿನಲ್ಲಿ ಹಾಗಲ್ಲ. ಕೆಳಗಿನ ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ, ಕಾಯಿಸಿ ಇಟ್ಟಿರುತ್ತದೆ. ಹಗಲಿನಲ್ಲಿ ಗಾಳಿಯೂ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಬೆಂಕಿ ಮೇಲೇರುವ ವೇಗಕ್ಕೆ ಮನುಷ್ಯನ ಕಾಲು ಸಾಲದು. ಕೈಯಲ್ಲಿ ಹಸಿಸೊಪ್ಪಿನ ರೆಂಬೆ, ಬೆನ್ನಿಗೊಂದು ನೀರಿನ ಬಾಟಲಿ, ಕಾಲಿಗೆ ಮಾಮೂಲಿ ಬೂಟು ಅಥವಾ ಚಪ್ಪಲಿ, ಇಷ್ಟನ್ನೇ ಕಟ್ಟಿಕೊಂಡು ಅಂಥ ಏರಿನಲ್ಲಿ ನಿಲ್ಲುವವರು ಯಾರು? ಬೇಸಿಗೆಯ ನಾಲ್ಕು ತಿಂಗಳ ಮಟ್ಟಿಗೆ ದಿನಗೂಲಿ ಲೆಕ್ಕದಲ್ಲಿ ಅರಣ್ಯ ಇಲಾಖೆ ತೆಗೆದುಕೊಳ್ಳುವ ಫೈರ್ ವಾಚರ್‌ಗಳು. ಅವರು ಬೇರೆ ಗ್ರಹದಿಂದ ಬಂದವರಲ್ಲ. ನಮ್ಮದೇ ಹಾಡಿಯ, ನಮ್ಮದೇ ಲೈನ್ ಮನೆಯ ಹುಡುಗರು. ನಾವು ಕಡ್ಡಿ ಗೀರಿದರೆ ಆರಿಸಲು ಓಡುವವನು ನಮ್ಮ ಮನೆಯ ಮದುವೆಗೆ ಚಪ್ಪರ ಹಾಕಿದವನೇ ಆಗಿರುತ್ತಾನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಾಡಿಗೆ ಬೀಳುವ ಬೆಂಕಿಯಲ್ಲಿ ಒಂದಷ್ಟು ಪಾಲು ಸಿಟ್ಟಿನದ್ದು. ಆನೆ ತೋಟಕ್ಕೆ ನುಗ್ಗಿ ಬಾಳೆ, ಕಾಫಿ ನೆಲಸಮ ಮಾಡಿತು, ಪರಿಹಾರದ ಅರ್ಜಿ ಕಚೇರಿಯಲ್ಲಿ ಧೂಳು ತಿನ್ನುತ್ತಿದೆ. ಅಜ್ಜನ ಕಾಲದಿಂದ ಉಳುಮೆ ಮಾಡಿದ ಜಾಗವನ್ನು ಡೀಮ್ಡ್ ಫಾರೆಸ್ಟ್ ಎಂದರು. ಅರಣ್ಯ ಕಾಯ್ದೆಯ ಸೆಕ್ಷನ್ 4 ಅಂದರು. ಸೌದೆ ತಂದ ಹೆಂಗಸನ್ನು ತಡೆದು ನಿಲ್ಲಿಸಿದರು. ಈ ಸಿಟ್ಟು ಸುಳ್ಳಲ್ಲ, ನನಗೂ ಅದರಲ್ಲಿ ಪಾಲಿದೆ. ಆದರೆ ಸಿಟ್ಟಿರುವುದು ಜೀಪಿನಲ್ಲಿ ಬಂದು ಹೋಗುವ ಸಾಹೇಬರ ಮೇಲೆ, ಕಡತದ ಮೇಲೆ, ಕಾನೂನಿನ ಮೇಲೆ. ಬೇಯುವವನು ದಿನಗೂಲಿಯ ಹುಡುಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆ ನಮ್ಮ ಹಿರಿಯರದ್ದೇ ಅಲ್ಲವೆ? ಅರ್ಜಿ ಹಿಡಿದು ಧರಣಿ ಕೂರುವುದಾದರೆ ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ. ಹುಲ್ಲಿಗೆ ಕಡ್ಡಿ ಗೀರಿ ಹೇಳುವ ತಕರಾರು ಯಾವ ಕಚೇರಿಗೂ ಮುಟ್ಟುವುದಿಲ್ಲ.

ಸಿಟ್ಟಿಲ್ಲದೆ ಹಚ್ಚುವವರೇ ಹೆಚ್ಚು. ದನ ಕಾಯುವವರ ಲೆಕ್ಕ ಸರಳ. ಒಣಗಿ ಗಡುಸಾದ ಮುಳಿಹುಲ್ಲನ್ನು ದನ ಮುಟ್ಟುವುದಿಲ್ಲ, ಸುಟ್ಟರೆ ಬೇರಿನಲ್ಲಿರುವ ಪಸೆಗೆ, ಒಂದು ತುಂತುರು ಮಳೆಗೆ, ಎಳೆ ಹಸಿರು ಮೇಲೇಳುತ್ತದೆ. ನಿಜ, ಏಳುತ್ತದೆ. ವರ್ಷ ವರ್ಷ ಅದೇ ಗುಡ್ಡಕ್ಕೆ ಬೆಂಕಿ ಬಿದ್ದರೆ ಆಮೇಲೆ ಏನೇಳುತ್ತದೆ ಎಂಬುದನ್ನೂ ನೀವು ಕಣ್ಣಾರೆ ಕಂಡಿದ್ದೀರಿ: ಕಮ್ಯುನಿಸ್ಟ್ ಗಿಡ, ಲಂಟಾನ, ದನ ಮೂಸಿಯೂ ನೋಡದ ಜರಿಗಿಡ. ಬಾಬಾಬುಡನ್, ಕುದುರೆಮುಖದ ಕಡೆಯ ಗುಡ್ಡಗಳಲ್ಲಿ ಹುಲ್ಲು ಬೆಂಕಿ ತಡೆದು ಮತ್ತೆ ಚಿಗುರುತ್ತದೆ, ಅದು ಹುಲ್ಲಿನ ಗುಣ. ಆದರೆ ಗುಡ್ಡದ ಮಡಿಲಲ್ಲಿ ಅಡಗಿರುವ ಶೋಲಾ ಕಾಡಿಗೆ ಆ ಗುಣವಿಲ್ಲ. ಪ್ರತಿ ಬೆಂಕಿಯೂ ಅದರ ಅಂಚನ್ನು ಒಂದಿಷ್ಟು ತಿನ್ನುತ್ತದೆ, ತಿಂದ ಜಾಗಕ್ಕೆ ಹುಲ್ಲು ಬರುತ್ತದೆ, ಮುಂದಿನ ವರ್ಷ ಬೆಂಕಿ ಅಷ್ಟು ಒಳಗಿನಿಂದ ಶುರುವಾಗುತ್ತದೆ. ನಮ್ಮ ಹಳ್ಳದ ತಲೆಯಿರುವುದು ಅದೇ ಶೋಲಾದೊಳಗೆ. ಏಪ್ರಿಲ್‌ನಲ್ಲಿ ಪಂಪು ಗಾಳಿ ಎಳೆಯುವಾಗ ಗುಡ್ಡದ ನೆತ್ತಿಯನ್ನೊಮ್ಮೆ ನೋಡಿ.

ಒಣ ಎಲೆಯುದುರುವ ಕಾಡಿನಲ್ಲಿ ಹಾನಿ ಇನ್ನೂ ಮೋಸದ್ದು. ತೇಗ, ಮತ್ತಿ, ಹೊನ್ನೆ, ದಿಂಡಿಗದಂಥ ದೊಡ್ಡ ಮರಗಳ ತೊಗಟೆ ದಪ್ಪ. ಅವು ಬೆಂಕಿ ತಾಳಿಕೊಂಡು ಮಳೆಗಾಲಕ್ಕೆ ಚಿಗುರುತ್ತವೆ. ನೋಡಿದವರು ‘ಏನೂ ಆಗಿಲ್ಲ’ ಎನ್ನುತ್ತಾರೆ. ಕೆಳಗೆ ಮೊಣಕಾಲೆತ್ತರದ ಸಸಿಗಳು ಒಂದೂ ಉಳಿದಿರುವುದಿಲ್ಲ. ದುಡಿಯುವ ಹುಡುಗರೆಲ್ಲ ಬೆಂಗಳೂರಿಗೆ ಹೋಗಿ ಬರೀ ಮುದುಕರು ಉಳಿದ ಊರಿನಂತೆ ಆ ಕಾಡು. ಈಗ ನಿಂತಿರುವುದು ಬಿದ್ದರೆ ಆ ಜಾಗಕ್ಕೆ ಬರುವವರಿಲ್ಲ.

ಇನ್ನು ನಾವು ತೋಟದವರು. ನಮ್ಮನ್ನು ನಾವು ಕಾಡು ಸುಡುವವರ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಮರಗಸಿ ಮಾಡಿದ ರೆಂಬೆ ರಾಶಿ, ಬೇಲಿ ಸವರಿದ ಮುಳ್ಳು, ಬದುವಿನ ಹುಲ್ಲು, ಇವನ್ನೆಲ್ಲ ತೋಟದ ಅಂಚಿಗೆ, ಎಂದರೆ ಕಾಡಿನ ಕಡೆಗೇ, ಎಳೆದು ಹಾಕುತ್ತೇವೆ. ಬಿಡುವಾದಾಗ ಹಚ್ಚುತ್ತೇವೆ. ಬಿಡುವಾಗುವುದು ಫೆಬ್ರವರಿಯಲ್ಲಿ. ಅಡಿಕೆ ಸೀಮೆಯಲ್ಲಿ ಸಿಪ್ಪೆಯ ಕಥೆ. ಸುಲಿದ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ರಸ್ತೆ ಬದಿಯಲ್ಲಿ, ಕೆಲವೊಮ್ಮೆ ಕಾಡಿನ ತಿರುವಿನಲ್ಲೇ ಸುರಿದು ಬೆಂಕಿ ಕೊಟ್ಟು ಹೋಗುವುದು. ಸಿಪ್ಪೆ ಉರಿಯುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಕನಲುತ್ತದೆ. ಹೊರಗೆ ಬೂದಿ, ಒಳಗೆ ಕೆಂಡ. ಒಂದು ಸುಳಿಗಾಳಿ ಬಂದರೆ ಮುಗಿಯಿತು. ಅದೇ ಸಿಪ್ಪೆಯನ್ನು ಸಗಣಿ ನೀರು ಹಾಕಿ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡುವವರು ನಮ್ಮ ನಡುವೆಯೇ ಇದ್ದಾರೆ. ನಿಧಾನ, ಆದರೆ ಆಗುತ್ತದೆ. ಉತ್ತರ ಕನ್ನಡದವರು ಸೊಪ್ಪಿನ ಬೆಟ್ಟದ ದರಕನ್ನು ಗುಡಿಸಿ ಕೊಟ್ಟಿಗೆಗೆ ಹಾಸಿ ಅಡಿಕೆ ಬುಡಕ್ಕೆ ಕೊಡುತ್ತಾರೆ. ಅವರಿಗೆ ಒಣ ಎಲೆ ಹಣ. ಅದನ್ನು ಸುಟ್ಟುಹಾಕುವ ನಮ್ಮನ್ನು ಕಂಡರೆ ಅವರಿಗೆ ಏನನ್ನಿಸುತ್ತದೋ.

ಈ ಮಾತು ಎತ್ತಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಜನವರಿಯಲ್ಲಿ ಇಲಾಖೆಯವರೇ ರಸ್ತೆ ಬದಿ ಸುಡ್ತಾರಲ್ಲ, ಅವರು ಹಚ್ಚಬಹುದು, ನಾವು ಹಚ್ಚಬಾರದಾ?’

ಒಳ್ಳೆಯ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಅವರು ಸುಡುವುದು ಬೆಂಕಿ ರೇಖೆ. ಗೊತ್ತಾದ ಅಗಲಕ್ಕೆ ಗಿಡಗಂಟಿ ಸವರಿ, ಇಬ್ಬನಿಯ ಪಸೆ ಇನ್ನೂ ಇರುವ ದಿನಗಳಲ್ಲಿ, ಎರಡೂ ಬದಿ ಜನ ನಿಲ್ಲಿಸಿ ಸುಡುತ್ತಾರೆ. ಮುಂದೆ ದೊಡ್ಡ ಬೆಂಕಿ ಬಂದಾಗ ಅದಕ್ಕೆ ತಿನ್ನಲು ಅಲ್ಲಿ ಏನೂ ಇರಬಾರದು ಎಂಬುದು ಲೆಕ್ಕ. ಇದು ಇಲಾಖೆ ಕಂಡುಹಿಡಿದ ವಿದ್ಯೆಯೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ‘ತರಗು ಬೆಂಕಿ’ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ಉದುರಿದ ತರಗೆಲೆ ತೆಳುವಾಗಿರುವಾಗಲೇ ಹಾಕುವ ಸಣ್ಣ ಬೆಂಕಿ. ಅದು ನೆಲದ ಮೇಲೇ ಹರಿದು ಆರುತ್ತದೆ, ಮರ ಹತ್ತುವುದಿಲ್ಲ. ಹೊಸ ಹುಲ್ಲಿಗೆ ದಾರಿ ಮಾಡುತ್ತದೆ, ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತದೆ ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. 1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ತರಗು ಬೆಂಕಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಆವರಿಸಿತು ಎಂಬುದು ಅವರ ವಾದ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆಗೇ ಕೂತು ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ, ಆ ವಾದದಲ್ಲಿ ಹುರುಳಿದೆ ಎಂದಿದ್ದಾರೆ. ನಾನೂ ಆ ಪಕ್ಷದವನೇ. ಎಲ್ಲ ಬೆಂಕಿಯೂ ಕಾಡಿನ ಶತ್ರು ಎನ್ನುವ ಬೋರ್ಡುಗಳನ್ನು ಕಂಡರೆ ನನಗೆ ಕಿರಿಕಿರಿ.

ಹಾಗಂತ ತರಗು ಬೆಂಕಿಯ ಹೆಸರು ಹೇಳಿ ಈ ಮಾರ್ಚ್‌ನಲ್ಲಿ ಕಡ್ಡಿ ಗೀರುವವರಿಗೆ ಅದು ರಕ್ಷೆಯಾಗುವುದಿಲ್ಲ. ಒಂದು, ಸೋಲಿಗರು ಬೆಂಕಿ ಹಾಕುತ್ತಿದ್ದಂಥ ಕಾಡು ಈಗ ಇಲ್ಲ. ಲಂಟಾನ ತುಂಬಿದ ಕಾಡಿಗೆ ಅದೇ ಬೆಂಕಿ ಬಿದ್ದರೆ ಪೊದೆ ಹತ್ತಿ ಕೊಂಬೆಗೇರುತ್ತದೆ. ಎರಡನೆಯದು ಇನ್ನೂ ಮುಖ್ಯ. ತರಗು ಬೆಂಕಿ ಹಾಕಿದವರು ಅಲ್ಲೇ ಇರುತ್ತಿದ್ದರು. ಯಾವ ಕಡೆ ಹೋಗುತ್ತದೆ, ಎಲ್ಲಿ ಹಳ್ಳ ಅಡ್ಡ ಬರುತ್ತದೆ, ಎಲ್ಲಿ ಆರುತ್ತದೆ ಎಂದು ಗೊತ್ತಿದ್ದು ಹಾಕುತ್ತಿದ್ದರು. ಈಗಿನ ನಮ್ಮ ಬೆಂಕಿ ಕದ್ದು ಹಚ್ಚುವ ಬೆಂಕಿ. ಹಚ್ಚಿದವನು ಸಿಕ್ಕಿಬೀಳಬಾರದೆಂದು ಮೊದಲು ಮಾಡುವ ಕೆಲಸ ಅಲ್ಲಿಂದ ಹೊರಟುಹೋಗುವುದು. ಉದುಬತ್ತಿಗೆ ಬೆಂಕಿಕಡ್ಡಿಗಳ ಕಟ್ಟು ಕಟ್ಟಿ, ಬತ್ತಿ ಉರಿದು ಮುಟ್ಟುವ ಹೊತ್ತಿಗೆ ತಾನು ಸಂತೆಯಲ್ಲಿರುವಂತೆ ಮಾಡುವ ಜಾಣತನವೂ ಇದೆಯಂತೆ. ಕಾವಲಿಲ್ಲದ ಬೆಂಕಿ, ಅದೂ ವರ್ಷದ ಅತಿ ಒಣ ತಿಂಗಳಲ್ಲಿ, ಅತಿ ಬಿಸಿಲಿನ ಹೊತ್ತಿನಲ್ಲಿ. ನಿಷೇಧ ಅಂದರೆ ಹೆದರಿಕೆ ಮಾತ್ರ ಅಂತ ಇಲಾಖೆಯೂ ಅಂದುಕೊಂಡು, ನಾವೂ ಅಂದುಕೊಂಡರೆ ಬೆಂಕಿ ಕಮ್ಮಿಯಾಗುವುದಿಲ್ಲ, ಹಚ್ಚಿದವರು ಇನ್ನೂ ಬೇಗ ಓಡುತ್ತಾರೆ, ಅಷ್ಟೆ.

ಕಾನೂನು ಗೊತ್ತಿರಲಿ ಎಂದು ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ವನ್ಯಧಾಮಕ್ಕೆ ಬೆಂಕಿ ಹಚ್ಚುವುದಷ್ಟೇ ಅಲ್ಲ, ಅಪಾಯವಾಗುವ ರೀತಿಯಲ್ಲಿ ಬೆಂಕಿಯನ್ನು ಉರಿಯಲು ಬಿಟ್ಟು ಹೋಗುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಮೂರು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ ಬೀಳಬಹುದು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬೇರೆ ಇದೆ. ಇನ್ನು ಮೇಲಿಂದ ನೋಡುವವರೂ ಇದ್ದಾರೆ. ಉಪಗ್ರಹಗಳಲ್ಲಿರುವ ಸೆನ್ಸರ್‌ಗಳು ಹಗಲೊಮ್ಮೆ, ರಾತ್ರಿಯೊಮ್ಮೆ ನಮ್ಮ ಮೇಲೆ ಹಾದು, ಬಿಸಿ ಕಂಡ ಜಾಗವನ್ನು 375 ಮೀಟರಿನ ಚೌಕದಷ್ಟು ಹತ್ತಿರಕ್ಕೆ ಗುರುತಿಸುತ್ತವೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ. ಹೆಸರು ನೋಂದಾಯಿಸಿಕೊಂಡರೆ ನಮ್ಮ ನಿಮ್ಮ ಮೊಬೈಲಿಗೂ ಬರುತ್ತದೆ. ಆದರೆ ಉಪಗ್ರಹಕ್ಕೆ ಬೆಂಕಿ ಕಾಣುತ್ತದೆ, ಹಚ್ಚಿದ ಕೈ ಕಾಣುವುದಿಲ್ಲ. ಕೈ ಕಾಣುವುದು ನೆರೆಯವರಿಗೆ ಮಾತ್ರ.

ಹೋಮ್‌ಸ್ಟೇಯವರಿಗೆ ಎರಡು ಮಾತು. ಬೆಂಗಳೂರಿನಿಂದ ಬಂದವರಿಗೆ ಕ್ಯಾಂಪ್‌ಫೈರ್ ಬೇಕು, ನಿಮ್ಮ ಜಾಹೀರಾತಿನಲ್ಲೂ ಅದೇ ಮೊದಲ ಸಾಲು. ಡಿಸೆಂಬರ್ ಚಳಿಗೆ ಅಂಗಳದ ನಡುವೆ ಹಾಕಿ, ಯಾರೂ ಬೇಡವೆನ್ನುವುದಿಲ್ಲ. ಮಾರ್ಚ್‌ನಲ್ಲಿ ಗುಡ್ಡದ ನೆತ್ತಿಯ ಹುಲ್ಲಿನಲ್ಲಿ ಟೆಂಟು ಹೊಡೆದು ಹಾಕುವುದು ಬೇರೆ ಮಾತು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದವರನ್ನು ಹುಲ್ಲಿನ ಬೆಂಕಿ ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಬೇಸಿಗೆಯಲ್ಲಿ ಕುದುರೆಮುಖ, ಕುಮಾರ ಪರ್ವತದ ಚಾರಣ ನಿಲ್ಲಿಸುತ್ತಾರಲ್ಲ, ಅದು ನಿಮ್ಮ ವ್ಯಾಪಾರ ಕೆಡಿಸಲು ಅಲ್ಲ. ಹಿಂದಿನ ದಾರಿಯಿಂದ ಹತ್ತಿಸಿ ಕಳಿಸುತ್ತೇನೆ ಎಂದು ಅತಿಥಿಗಳಿಗೆ ಹೇಳುವ ಮೊದಲು ಅವರ ತಂದೆತಾಯಿಯ ಮುಖ ನೆನೆಸಿಕೊಳ್ಳಿ. ಸಿಗರೇಟು ಸೇದುವವರಿಗೆ ಗಾಡಿಯಲ್ಲಿ ಒಂದು ಡಬ್ಬಿ ಇಟ್ಟುಕೊಡಿ.

ಹಾಗಾದರೆ ನಾನು ಕೇಳುವುದೇನು? ಸುಡಲೇಬೇಕಾದದ್ದನ್ನು ಈ ತಿಂಗಳೊಳಗೆ ಸುಟ್ಟು ಮುಗಿಸಿ, ತೋಟದೊಳಗೆ, ಕಾಡಿನ ಅಂಚಿನಿಂದ ದೂರ. ರಾಶಿ ಸಣ್ಣದಿರಲಿ, ಸುತ್ತ ಮಣ್ಣು ಕಾಣುವ ತನಕ ಕೆರೆದಿರಲಿ, ಪಕ್ಕದ ತೋಟದವರಿಗೆ ಮೊದಲೇ ಹೇಳಿರಲಿ, ನೀರಿನ ಡ್ರಮ್ಮು ಕೈಗೆಟುಕುವಲ್ಲಿರಲಿ. ಮಧ್ಯಾಹ್ನ ಬೇಡ. ಆರಿತೆಂದು ಕಂಡ ಮೇಲೂ ಬೂದಿ ಕೆದಕಿ, ನೀರು ಹಾಕಿ, ಹಿಂಗೈ ಹಿಡಿದು ನೋಡಿ. ಬಿಸಿ ತಾಗಿದರೆ ಮನೆಗೆ ಹೋಗಬೇಡಿ. ಫೆಬ್ರವರಿ ಹುಟ್ಟಿದ ಮೇಲೆ ಮುಂಗಾರು ಹಿಡಿಯುವ ತನಕ ಒಂದು ಎಲೆಗೂ ಕಡ್ಡಿ ತಾಗಿಸುವುದು ಬೇಡ. ಒಂದೆರಡು ಹೂಮಳೆ ಬಿತ್ತೆಂದು ಮೈಮರೆಯಬೇಡಿ. ಮೂರು ದಿನದ ಬಿಸಿಲಿಗೆ ತರಗು ಮತ್ತೆ ಮೊದಲಿನಂತೆಯೇ.

ಇಲಾಖೆಯವರಿಗೂ ಇದೇ ಪತ್ರದಲ್ಲಿ ಒಂದು ಮಾತು, ಅವರೂ ಓದುತ್ತಾರೆಂಬ ನಂಬಿಕೆಯಿಂದ. ಬೆಂಕಿ ಕಂಡು ಮೊದಲು ಫೋನ್ ಮಾಡಿದವನನ್ನೇ ಮೊದಲು ಅನುಮಾನಿಸುತ್ತಾರೆ ಎಂಬ ಭಯ ಹಳ್ಳಿಗಳಲ್ಲಿದೆ. ಈ ಭಯ ಇರುವ ತನಕ ಸಹಾಯವಾಣಿಯ ಗಂಟೆ ತಡವಾಗಿಯೇ ಬಾರಿಸುತ್ತದೆ. ವಾಚರ್ ಹುಡುಗರ ಕೂಲಿ ಆಯಾ ತಿಂಗಳೇ ಕೈಗೆ ಬರಲಿ, ಕಾಲಿಗೆ ಒಳ್ಳೆಯ ಬೂಟು ಬರಲಿ. ದನಕ್ಕೆ ಮೇವಿಲ್ಲದ ಕಾಲದಲ್ಲಿ ಹುಲ್ಲು ಸುಡಬೇಡಿ ಎನ್ನುವವರು ಆ ಹುಲ್ಲನ್ನು ಒಣಗುವ ಮುಂಚೆ ಕೊಯ್ದುಕೊಳ್ಳಲು ಬಿಡುವ ದಾರಿ ಎಲ್ಲೆಲ್ಲಿ ಸಾಧ್ಯ ಎಂದು ಯೋಚಿಸಲಿ. ಕೊಯ್ದ ಹುಲ್ಲಿಗೆ ಬೆಂಕಿ ಬೀಳುವುದಿಲ್ಲ.

ಇವೆಲ್ಲ ಇತ್ಯರ್ಥವಾಗಬೇಕಾದ್ದು ಒಂದೇ ಕಡೆ ಕೂತು. ನಮ್ಮ ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿ ಎನ್ನುವುದೊಂದಿದೆ. ಎಷ್ಟೋ ಕಡೆ ಅದು ಕಾಗದದಲ್ಲಿ ಮಲಗಿದೆ. ಅದನ್ನು ಎಬ್ಬಿಸಿ. ಈ ತಿಂಗಳು ಮುಗಿಯುವುದರೊಳಗೆ ವಲಯ ಅರಣ್ಯಾಧಿಕಾರಿಯನ್ನು ಕರೆಸಿ, ಯಾವ ಬೇಣದಲ್ಲಿ, ಯಾವ ದಿನ, ಯಾರ ಎದುರಿಗೆ ಬೆಂಕಿ ರೇಖೆ ಸುಡುವುದು ಎಂದು ಬರೆಸಿ ಸಹಿ ಹಾಕಿಸಿ. ನಮ್ಮ ಗುಡ್ಡದ ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದು ವರ್ಗವಾಗಿ ಬಂದ ಅಧಿಕಾರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿದೆ. ಅದನ್ನು ಹೇಳಲು ಅವರ ಎದುರು ಕೂರಲೇಬೇಕು. ಆನೆ ಪರಿಹಾರದ ಅರ್ಜಿಗಳನ್ನೂ ಅದೇ ಸಭೆಗೆ ತನ್ನಿ, ಬಿಡಬೇಡಿ. ಬೆಂಕಿ ಕಂಡರೆ 1926ಕ್ಕೆ ಕರೆ ಮಾಡಿ, ಅರಣ್ಯ ಸಹಾಯವಾಣಿ ಅದು. ಮನೆಯ ಫೋನಿನ ಪಕ್ಕ, ಕೊಟ್ಟಿಗೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆದಿಡಿ. ನಮ್ಮ ಊರಿನ ಸಭೆಗೆ ದಿನ ಗೊತ್ತಾದ ಕೂಡಲೇ ಹಾಲಿನ ಡೈರಿಯ ಗೋಡೆಗೆ ಚೀಟಿ ಅಂಟಿಸುತ್ತೇವೆ. ಪಕ್ಕದ ಊರಿನವರೂ ಬರಬಹುದು, ಬರುವಾಗ ಕತ್ತಿ, ಗುದ್ದಲಿ ತಂದರೆ ಸಭೆ ಮುಗಿಸಿಕೊಂಡು ಹಾಡ್ಯದ ಅಂಚನ್ನೂ ಸವರಿ ಬರೋಣ.

ಇಂತಿ ನಿಮ್ಮ ನೆರೆಯವ,
ಸಕಲೇಶಪುರ ಸೀಮೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ